ಹಲ್ಲಿನ ಒಳಮೈ

ಶನಿವಾರ ಮಧ್ಯಾಹ್ನ ಊಟಕ್ಕೆ ಬಾ ಎಂದು ಅಕ್ಕ ಮಂಗಳವಾರವೇ ಫೋನು ಮಾಡಿದ್ದಳು. ಅಂದಿನಿಂದ ತಂಗಿ ಆ ಊಟವನ್ನು ಮನಸ್ಸಿನಲ್ಲೇ ಎಷ್ಟು ಸಲ ಉಂಡಿದ್ದಳೋ ಲೆಕ್ಕವಿಲ್ಲ. ಅಕ್ಕ ಮೊದಲು ಏನು ಬಡಿಸಬಹುದು, ಎರಡನೆಯ ಸಲ ಯಾವಾಗ ಸೌಟು ಎತ್ತಬಹುದು, ಬೇಡವೆಂದರೆ ಅವಳ ಮುಖ ಎಷ್ಟು ಬಾಡಬಹುದು, ಬೇಕೆಂದರೆ ಆಮೇಲೆ ಯಾವ ನೆಪ ಹೇಳಿ ಮೇಜಿನಿಂದ ಏಳಬಹುದು. ಈಗ ಶನಿವಾರ ಬೆಳಗಿನ ಒಂಬತ್ತೂವರೆ. ಕಟ್ಟಡದ ಎರಡನೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡಿದ್ದ ತನ್ನ ಮೇಜಿನ ಮುಂದೆ ಕೂತು, ಅವಳು ಯಾರೋ ಮುದುಕರ ಕೆಳದವಡೆಗಾಗಿ ಗುಲಾಬಿ ಮೇಣದ ಮೇಲೆ ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದಳು. ಸಣ್ಣ ಚಾಕುವನ್ನು ಉರಿಗೆ ಹಿಡಿದು, ಮೇಣ ಕರಗಿಸಿ, ಹಲ್ಲು ಕೂರಿಸಿ, ಆಮೇಲೆ ಅದನ್ನು ಕೂದಲೆಳೆಯಷ್ಟು ಓರೆ ಮಾಡುವುದು. ತೀರ ನೆಟ್ಟಗಿದ್ದರೆ ಕಟ್ಟಿಸಿಕೊಂಡ ಹಲ್ಲೆಂದು ಊರಿಗೆಲ್ಲ ತಿಳಿಯುತ್ತದೆ. ಒಂದಿಷ್ಟು ಸೊಟ್ಟಗಿದ್ದರೆ ಜನ ನಂಬುತ್ತಾರೆ. ಹನ್ನೆರಡು ವರ್ಷದ ಹಿಂದೆ ಇದನ್ನು ಕಲಿಸಿಕೊಟ್ಟವರು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಲ್ಲಿನ ಸೆಟ್ಟು ಮಾಡುವ ಈ ಕೋಣೆಯ ಯಜಮಾನರು. ಕೈಕೆಳಗೆ ಕೆಲಸ ಕಲಿತವರೆಲ್ಲ ಮೇಷ್ಟ್ರೇ ಮೇಷ್ಟ್ರೇ ಎಂದು ಕರೆದು ಅದೇ ಹೆಸರಾಗಿಬಿಟ್ಟಿತ್ತು. ಅವರ ಬಾಯಲ್ಲಿ ಅವರದೇ ಅನ್ನುವ ಹಲ್ಲು ಒಂದೂ ಉಳಿದಿರಲಿಲ್ಲ. "ಹಲ್ಲಿದ್ದಾಗ ಕಡ್ಲೆ ಇರ್ಲಿಲ್ಲ. ಈಗ ನೋಡು, ಕಪಾಟು ತುಂಬ ಹಲ್ಲು, ಡಬ್ಬಿ ತುಂಬ ಕಡ್ಲೆ, ಹೊಟ್ಟೆ ಬೇಡ ಅನ್ನುತ್ತೆ!" ಎಂದು ವಾರಕ್ಕೊಮ್ಮೆಯಾದರೂ ಹೇಳಿ ತಾವೇ ಮೊದಲು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು. ಎಲ್ಲರೂ ಅದನ್ನು ನಾಚಿಕೆಯೆಂದುಕೊಂಡಿದ್ದರು.

ನಾಚಿಕೆಯೇ ಅದು, ಆದರೆ ಅವರು ತಿಳಿದ ಜಾತಿಯ ನಾಚಿಕೆಯಲ್ಲ. ಜನರ ಮುಂದೆ ತಿನ್ನುವುದಕ್ಕೆ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. ಮೇಷ್ಟ್ರ ಹೆಂಡತಿ ಕಳಿಸಿದ್ದನ್ನು ಚಪ್ಪರಿಸಿ ತಿಂದು ಡಬ್ಬಿ ತೊಳೆದು ಕೊಡುತ್ತಿದ್ದಳು. "ಏನು ಪುಣ್ಯ ಮಾಡಿದೀಯೇ ಮಾರಾಯ್ತಿ, ಎಷ್ಟು ತಿಂದ್ರೂ ಮೈಗೆ ಹತ್ತಲ್ಲ" ಎಂದು ಆಕೆ ಹೇಳಿದಾಗ, ಹೊಗಳಿಕೆ ಕೇಳಿದ ಮಗುವಿನ ಹಾಗೆ ಕಿವಿ ಬಿಸಿಯಾಗುತ್ತಿತ್ತು. ಅದರ ಹಿಂದೆಯೇ, ಕದ್ದ ಮಾಲಿಗೆ ಬಹುಮಾನ ಸಿಕ್ಕಿದವಳ ಹಾಗೆ ಎದೆ ಕುಸಿಯುತ್ತಿತ್ತು. ಹಸಿವು ಎಂದರೆ ಏನೆಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಹೊಟ್ಟೆ ತುಂಬಿದ್ದಾಗಲೂ ಅದು ಇರುತ್ತಿತ್ತು. ಸಂಜೆ ಬಸ್ಸಿನ ಕಿಟಕಿಯಿಂದ ಬೇರೆಯವರ ಮನೆಯ ಊಟದ ಮೇಜು ಕಂಡರೆ, ದೀಪದ ಕೆಳಗೆ ನಾಲ್ಕು ಜನ ಸುಮ್ಮನೆ ಬ್ರೆಡ್ಡು ಹರಿದುಕೊಳ್ಳುತ್ತಿದ್ದರೆ, ಒಬ್ಬನ ತಟ್ಟೆಗೆ ಇನ್ನೊಬ್ಬ ಕೈಹಾಕಿ ಏನೋ ಎತ್ತಿಕೊಂಡರೆ, ಅದು ಮರೆಯಾಗುವವರೆಗೆ ಕುತ್ತಿಗೆ ತಿರುಗಿಸಿ ನೋಡುತ್ತಿದ್ದಳು. ಆ ಜನ ಉಂಡಾದ ಮೇಲೆ ಏನು ಮಾಡುತ್ತಾರೆ? ಕೈ ತೊಳೆದು, ಆಕಳಿಸಿ, ಮರೆತುಬಿಡುತ್ತಾರೆ. ತಿಂದದ್ದನ್ನು ಮರೆಯುವುದು! ಅವಳಿಗೆ ಬೇಕಾಗಿದ್ದುದು ಅಷ್ಟೇ. ಮೂವತ್ತಾರು ವರ್ಷದ ಹೆಂಗಸು, ಸ್ವಂತ ದುಡಿಮೆ, ಸ್ವಂತ ಬೀಗದ ಕೈ. ದಿನದ ಅರ್ಧ ಹೊತ್ತು ತಲೆಯಲ್ಲಿ ನಡೆಯುವುದು ತಿಂದದ್ದು ಮತ್ತು ತಿನ್ನಬಾರದ್ದರ ಗಲಾಟೆ.

ಹತ್ತೂವರೆಗೆ ಕೆಳಗಿನ ಮಹಡಿಯ ಹಲ್ಲಿನ ಆಸ್ಪತ್ರೆಯಿಂದ ಹೊಸ ಅಚ್ಚು ಬಂತು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಲೋಹದ ತಟ್ಟೆ, ಅದರೊಳಗೆ ರಬ್ಬರಿನಂಥ ಹಸಿರು ಮುದ್ದೆಯಲ್ಲಿ ಯಾರೋ ಕಚ್ಚಿ ಬಿಟ್ಟ ಗುರುತು. ಜೊತೆಗಿದ್ದ ಚೀಟಿಯಲ್ಲಿ ಡಾಕ್ಟರಮ್ಮನ ಅಕ್ಷರ: ಹೆಣ್ಣು, ಹತ್ತೊಂಬತ್ತು ವರ್ಷ, ಮೇಲಿನ ಮುಂಬದಿಯ ನಾಲ್ಕು ಹಲ್ಲಿಗೆ ಕ್ಯಾಪ್. ಹತ್ತೊಂಬತ್ತಕ್ಕೇ ನಾಲ್ಕು ಕ್ಯಾಪೇ ಎಂದುಕೊಂಡಳು. ಎಲ್ಲೋ ಬಿದ್ದಿರಬೇಕು, ಸೈಕಲ್ಲೋ ಮೆಟ್ಟಿಲೋ. ಬಟ್ಟಲಲ್ಲಿ ಪ್ಲಾಸ್ಟರು ಕಲಸಿ, ಗುಳ್ಳೆ ನಿಲ್ಲದ ಹಾಗೆ ನಡುಗುವ ಯಂತ್ರದ ಮೇಲೆ ತಟ್ಟೆಯನ್ನಿಟ್ಟು, ಒಂದು ಮೂಲೆಯಿಂದ ಹನಿಹನಿಯಾಗಿ ಸುರಿದಳು. ಈ ಕೆಲಸ ಅವಳಿಗೆ ಇಷ್ಟ. ಪ್ಲಾಸ್ಟರು ಗಟ್ಟಿಯಾಗುವಾಗ ತಾನೇ ತಾನಾಗಿ ಬಿಸಿಯಾಗುತ್ತದೆ; ಅಂಗೈಯಲ್ಲಿ ಹಿಡಿದರೆ ಸಣ್ಣ ಪ್ರಾಣಿಯ ಮೈಯಂತೆ ಇರುತ್ತದೆ. ಮುಕ್ಕಾಲು ಗಂಟೆಯ ಮೇಲೆ ಅದನ್ನು ಬಿಡಿಸಿ, ಅಂಚು ಉಜ್ಜಿ, ಎಂದಿನಂತೆ ಬೆಳಕಿಗೆ ಹಿಡಿದು ತಿರುಗಿಸಿದಳು. ಮುಂದಿನಿಂದ ನೋಡಿದರೆ ಚೆಂದದ ಹಲ್ಲುಗಳು, ತುದಿ ಮಾತ್ರ ಗಾಜಿನ ಚೂರಿನಂತೆ ತೆಳ್ಳಗೆ, ಅಲ್ಲಲ್ಲಿ ಮುಕ್ಕು. ಹಿಂದಕ್ಕೆ ತಿರುಗಿಸಿದಳು. ನಾಲಿಗೆಗೆ ತಾಗುವ ಒಳಮೈಯಲ್ಲಿ ಇರಬೇಕಾದ ಉಬ್ಬುತಗ್ಗು ಒಂದೂ ಇರಲಿಲ್ಲ. ಹೊಳೆಯಲ್ಲಿ ಉರುಳಿದ ಕಲ್ಲಿನ ಹಾಗೆ ನುಣ್ಣಗೆ ಸವೆದು ಹೋಗಿತ್ತು, ಚೀಟಿಯ ನಾಲ್ಕಷ್ಟೇ ಅಲ್ಲ, ಮುಂದಿನ ಆರೂ ಹಲ್ಲು, ಈ ಕೋರೆಯಿಂದ ಆ ಕೋರೆಯವರೆಗೆ.

ಅವಳ ನಾಲಿಗೆ ತಾನಾಗಿಯೇ ಅವಳ ಹಲ್ಲಿನ ಹಿಂಬದಿಗೆ ಹೋಯಿತು. ಅದೇ ನುಣುಪು. ಈ ನುಣುಪನ್ನು ಹದಿನೆಂಟು ವರ್ಷದಿಂದ ನಾಲಿಗೆಯಲ್ಲಿ ಓದಿಕೊಂಡಿದ್ದಳು, ಕಣ್ಣಲ್ಲಿ ನೋಡಿರಲಿಲ್ಲ. ಸಾವಿರ ಬಾಯಿಗಳ ಅಚ್ಚು ತೆಗೆದವಳು ತನ್ನ ಬಾಯಿಯ ಒಳಗೆ ಕನ್ನಡಿ ಹಿಡಿದವಳಲ್ಲ. ತಣ್ಣೀರು ಕುಡಿದರೆ ಜುಮ್ಮೆನ್ನುವುದರಿಂದ ಬೇಸಗೆಯಲ್ಲೂ ಉಗುರುಬೆಚ್ಚಗಿನ ನೀರು. ಕೆಳಗಿನ ಡಾಕ್ಟರಮ್ಮ "ಬಾ, ಪುಕ್ಕಟೆ ಕ್ಲೀನ್ ಮಾಡ್ಕೊಡ್ತೀನಿ" ಎಂದಾಗಲೆಲ್ಲ "ಮುಂದಿನ ವಾರ ಡಾಕ್ಟ್ರೇ". ಹಾಗಾದರೆ ಹೀಗೆ ಕಾಣುತ್ತದೆ ಇದು. ಬಿಳಿಯ ಪ್ಲಾಸ್ಟರಿನಲ್ಲಿ, ಹಗಲು ಬೆಳಕಿನಲ್ಲಿ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅಜ್ಜಿ ಹೇಳುತ್ತಿದ್ದ ಮಾತನ್ನು ಯಾರೋ ಅಕ್ಷರಶಃ ನಡೆಸಿ ತೋರಿಸಿದಂತಿತ್ತು. ಅಚ್ಚನ್ನು ಕೆಳಗಿಡಲು ಹೋಗಿ ಇಡಲಾರದೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈ ಹುಡುಗಿ ಈಗ ಎಲ್ಲಿರಬಹುದು? ಕಾಲೇಜಿನಲ್ಲೋ, ಯಾವುದೋ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೋ. ಎಲ್ಲರೊಡನೆ ಮಾತಾಡುತ್ತ, ತಲೆಯೊಳಗೆ ಒಂದೇ ಸಮನೆ ಆ ಗಲಾಟೆ ಕೇಳುತ್ತ. ಅವಳನ್ನು ನೋಡಬೇಕೆನಿಸಿತು. ಏನು ಹೇಳುವುದಕ್ಕೂ ಅಲ್ಲ, ಹೇಳುವಂಥ ಬುದ್ಧಿಮಾತು ತನ್ನ ಹತ್ತಿರ ಏನಿದೆ? ಬಸ್ಸಿನಲ್ಲಿ ಪಕ್ಕಪಕ್ಕ ಕೂತು, ಏನೂ ಮಾತಾಡದೆ, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋದರೂ ಸಾಕು.

ತಾನು ಹನ್ನೊಂದು ವರ್ಷದವಳಾಗಿದ್ದಾಗ ಸೋದರತ್ತೆಯ ಮನೆಯಲ್ಲಿ ಇಪ್ಪತ್ತು ಜನ ಊಟಕ್ಕೆ ಕೂತಿದ್ದರು. ಅವಳು ಎರಡನೆಯ ಸಲ ಬಡಿಸಿಕೊಂಡಾಗ ಅತ್ತೆ ಬಂದು, ನಗುನಗುತ್ತಲೇ, ತಟ್ಟೆಯಿಂದ ಅರ್ಧ ಅನ್ನವನ್ನು ಸೌಟಿನಲ್ಲಿ ವಾಪಸು ತೆಗೆದುಕೊಂಡಿದ್ದಳು. "ಸಾಕಮ್ಮಾ ಡುಮ್ಮಿ, ನಿನ್ನ ಮದುವೆಗೆ ಬಾಗಿಲು ಒಡೆಸ್ಬೇಕಾಗುತ್ತೆ." ಇಪ್ಪತ್ತು ಜನವೂ ನಕ್ಕರು. ಅದು ದೊಡ್ಡ ಮಾತಲ್ಲ, ಹಾಗೆ ಎಲ್ಲರ ಮನೆಯಲ್ಲೂ ಆಡುತ್ತಾರೆ, ಆ ಅತ್ತೆ ಕೆಟ್ಟವಳೂ ಅಲ್ಲ. ಆದರೆ ಎದುರಿನ ಸಾಲಿನಲ್ಲಿ ಕೂತಿದ್ದ ಅಕ್ಕ ನಕ್ಕಿದ್ದಳು. ಹದಿನೈದರ ಅಕ್ಕ, ಎರಡು ಜಡೆ, ಕೈಯಲ್ಲಿ ನೀರಿನ ಲೋಟ. ನೀರು ನೆತ್ತಿಗೇರುವಷ್ಟು ನಕ್ಕಿದ್ದಳು. ಆಮೇಲೆ ಅದು ಯಾರಿಗೂ ನೆನಪಿರಲಿಲ್ಲ. ಅದೇ ಅಕ್ಕ ರಜೆಯ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಕಿತ್ತಳೆ ಸುಲಿದು, ತೊಳೆಗೆ ಅಂಟಿದ ಬಿಳಿಯ ನಾರನ್ನು ಒಂದೊಂದಾಗಿ ತೆಗೆದು, ಅವಳ ಬಾಯಿಗೊಂದು ತನ್ನ ಬಾಯಿಗೊಂದು ಇಡುತ್ತಿದ್ದಳು. ಅವೆರಡೂ ಒಬ್ಬಳೇ ಅಕ್ಕನ ಕೆಲಸವೆನ್ನುವುದು ಅವಳಿಗೆ ಇಂದಿಗೂ ಸರಿಯಾಗಿ ಕೂಡಿಬಂದಿರಲಿಲ್ಲ. ಕಿತ್ತಳೆಯ ಅಕ್ಕನಿಗಾಗಿ ಹಂಬಲಿಸಿ ಅವಳ ಮನೆಗೆ ಹೋಗುತ್ತಿದ್ದಳು. ಊಟಕ್ಕೆ ಕೂತಾಗ ಎದುರಿಗಿರುತ್ತಿದ್ದವಳು ಲೋಟ ಹಿಡಿದ ಅಕ್ಕ.

"ಏನೇ ಅದು, ಮಗು ಎತ್ಕೊಂಡಂಗೆ ಎತ್ಕೊಂಡಿದೀಯ?" ಎಂದರು ಮೇಷ್ಟ್ರು ಆ ತುದಿಯಿಂದ. ಅವರು ಮುಖಗವಸು ಹಾಕಿಕೊಂಡು ಒಂದು ಸೆಟ್ಟನ್ನು ಯಂತ್ರಕ್ಕೆ ಹಿಡಿದು ಉಜ್ಜುತ್ತಿದ್ದರು. ಅಷ್ಟರಲ್ಲಿ ಡಾಕ್ಟರಮ್ಮನೇ ಮೆಟ್ಟಿಲು ಹತ್ತಿ ಬಂದರು. ಐವತ್ತು ದಾಟಿದ ಗಡಸು ಹೆಂಗಸು. ಮಾತಾಡುವಾಗ ಎದುರಿನವರ ಕಣ್ಣು ನೋಡದೆ ಬಾಯಿ ನೋಡುವ ಅಭ್ಯಾಸ.

"ನಾಲ್ಕು ಹಲ್ಲಿನ ಅಚ್ಚು ಚೆನ್ನಾಗಿ ಬಂದಿದ್ಯಾ? ಆ ಹುಡುಗಿಗೆ ಗುರುವಾರಕ್ಕೆ ಬಾ ಅಂದಿದೀನಿ."

"ಬಂದಿದೆ ಡಾಕ್ಟ್ರೇ."

"ಹಾಗಾದ್ರೆ ಶುರು ಮಾಡು. ಬಣ್ಣ ಚೀಟೀಲಿ ಬರ್ದಿದೀನಿ."

ಸರಿ ಎಂದರೆ ಮುಗಿಯುತ್ತಿತ್ತು. ಹನ್ನೆರಡು ವರ್ಷದಲ್ಲಿ ಅವಳು ಸರಿ ಎನ್ನದ ದಿನವೇ ಇರಲಿಲ್ಲ. "ಕ್ಯಾಪ್ ಹಾಕಿದ್ರೂ ನಿಲ್ಲಲ್ಲ ಡಾಕ್ಟ್ರೇ" ಎಂಬ ಮಾತು ಕೇಳಿಸಿತು, ತನ್ನದೇ ದನಿಯಲ್ಲಿ.

"ಯಾಕೆ ನಿಲ್ಲಲ್ಲ?"

"ಅಂಚಲ್ಲಿ ಮತ್ತೆ ಸವೀತಾ ಹೋಗುತ್ತೆ."

"ಹುಳಿ ಹಣ್ಣು ಜಾಸ್ತಿ ತಿಂತೀನಿ ಅಂದ್ಲು. ಕಡಿಮೆ ಮಾಡು ಅಂತ ಹೇಳಿದೀನಲ್ಲ."

"ಹಣ್ಣಿನ ಹುಳಿಯಾಗಿದ್ರೆ ಮುಂದ್ಗಡೆ ಸವೀಬೇಕಿತ್ತು." ಅವಳು ಅಚ್ಚನ್ನು ತಿರುಗಿಸಿ ಹಿಡಿದಳು. ಮೊಣಕೈಯನ್ನು ಮೇಜಿಗೆ ಒತ್ತಿಕೊಂಡಳು. "ಮುಂದೆ ಏನೂ ಆಗಿಲ್ಲ, ನೋಡಿ. ಇದು ಒಳಗಿಂದ ಬಂದಿರೋದು. ಅವಳು ತಿಂದಿದ್ದನ್ನ... ಇಟ್ಕೊಳ್ಳಲ್ಲ."

ಡಾಕ್ಟರಮ್ಮ ಅಚ್ಚನ್ನು ನೋಡಲಿಲ್ಲ. ಅಂದರೆ ಅವರಿಗೆ ಅದು ಮೊದಲೇ ಹೊಳೆದಿರಬೇಕು, ಹುಡುಗಿಯ ಸುಳ್ಳನ್ನು ಸುಳ್ಳೆಂದು ಗೊತ್ತಿದ್ದೇ ಕೇಳಿಕೊಂಡಿರಬೇಕು. ಅವರು ನೋಡುತ್ತಿದ್ದುದು ಇವಳ ಬಾಯನ್ನು. ಅವಳ ಕೈ ಆಗಲೇ ಅಡ್ಡ ಬಂದಿತ್ತು.

"ವಾಂತಿ ಅಂತ ನಂಗೂ ಅನುಮಾನ ಇತ್ತು" ಎಂದರು ಮೆಲ್ಲಗೆ. "ಆದ್ರೆ ಅದನ್ನ ಬರೀ ಪ್ಲಾಸ್ಟರ್ ನೋಡಿ ಹೇಳೋಕೆ ನಿಂಗೆ ಯಾರು ಕಲಿಸಿದ್ರು?"

ಕಿಟಕಿಯ ಕೆಳಗೆ ಯಾವುದೋ ಲಾರಿ ಹಿಂದಕ್ಕೆ ಬರುತ್ತ ಪೀಂ ಪೀಂ ಎನ್ನುತ್ತಿತ್ತು. ಮೇಷ್ಟ್ರ ಯಂತ್ರ ಯಾವಾಗ ನಿಂತಿತೋ ಅವಳಿಗೆ ಗೊತ್ತಾಗಲಿಲ್ಲ. ಪುಸ್ತಕದಲ್ಲಿ ಓದಿದೆ ಎನ್ನಬಹುದು ಎಂದುಕೊಂಡಳು, ಮೇಷ್ಟ್ರೇ ಹೇಳಿದ್ದರು ಎನ್ನಬಹುದು. ಸುಳ್ಳು ಹೇಳುವುದರಲ್ಲಿ ಅವಳ ಕೈ ಎಷ್ಟು ಪಳಗಿತ್ತೆಂದರೆ ಎರಡು ಮೂರು ಒಟ್ಟಿಗೇ ಸಿದ್ಧವಾಗಿ ನಿಂತಿದ್ದವು. ಆದರೆ ಅಂಗೈಯಲ್ಲಿದ್ದ ಅಚ್ಚು ಇನ್ನೂ ಬೆಚ್ಚಗಿತ್ತು. ತಾನು ಈಗ ಸುಳ್ಳು ಹೇಳಿದರೆ ಅದನ್ನು ಹೇಳಿದ್ದು ಆ ಹುಡುಗಿಯ ಎದುರಿಗೇ ಆಗುತ್ತದೆ ಎಂಬಂಥ ಹುಚ್ಚು ಯೋಚನೆ ಬಂತು.

"ನಂದೂ ಹಾಗೇ ಇದೆ" ಎಂದಳು.

ಆ ಮಾತು ಹೊರಗೆ ಬಂದದ್ದೇ, ಇಷ್ಟು ಚಿಕ್ಕದೇ ಅದು ಎನಿಸಿತು. ಹದಿನೆಂಟು ವರ್ಷ ಹೊತ್ತದ್ದು, ಮೂರು ಪದ. ಡಾಕ್ಟರಮ್ಮ ಅಯ್ಯೋ ಎನ್ನಲಿಲ್ಲ, ಬೆನ್ನು ಸವರಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. ಎಷ್ಟು ವರ್ಷದಿಂದ ಎಂದು ಕೇಳಿದರು, ತಲೆ ಸುತ್ತುತ್ತದೆಯೇ, ಎದೆ ಡವಡವ ಎನ್ನುತ್ತದೆಯೇ, ಎಂದಾದರೂ ಬಿದ್ದಿದ್ದಾಳೆಯೇ ಎಂದು ಕೇಳಿದರು. ಅವಳು ಪರೀಕ್ಷೆಗೆ ಉತ್ತರ ಬರೆಯುವವಳ ಹಾಗೆ ಒಂದೊಂದಕ್ಕೂ ಹೇಳಿದಳು. "ಇದು ಹಲ್ಲಿನ ಕಾಯಿಲೆ ಅಲ್ಲಮ್ಮ" ಎಂದರು ಕೊನೆಗೆ. "ಸೋಮವಾರ ಮೊದ್ಲು ರಕ್ತ ಪರೀಕ್ಷೆ ಮಾಡ್ಸು, ಅದನ್ನ ತಡ ಮಾಡೋ ಹಾಗಿಲ್ಲ. ಆಮೇಲೆ ದೊಡ್ಡಾಸ್ಪತ್ರೇಲಿ ಮನಸ್ಸಿನ ಡಾಕ್ಟ್ರು ಒಬ್ರಿದಾರೆ, ಇದನ್ನೇ ನೋಡೋರು. ಚೀಟಿ ಕೊಡ್ತೀನಿ. ಆ ಹುಡುಗಿಗೂ ಕೊಡ್ತೀನಿ. ಹೋಗೋದು ಬಿಡೋದು ನಿಮ್ಮ ಕೈಲಿದೆ. ಮನೇಲಿ ಯಾರಿಗಾದ್ರೂ ಗೊತ್ತಾ?"

"ಯಾರಿಗೂ ಗೊತ್ತಿಲ್ಲ."

"ಒಬ್ರಿಗಾದ್ರೂ ಹೇಳು. ಒಬ್ಳೇ ಹೋಗ್ಬೇಡ."

ಅವರು ಇಳಿದು ಹೋದರು. ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರ ಹೆಂಡತಿ ಕಳಿಸಿದ ಡಬ್ಬಿಗಳು ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದವು, ಆ ಡಬ್ಬಿಗಳಲ್ಲಿದ್ದದ್ದಕ್ಕೆ ತಾನು ಮಾಡಿದ್ದೂ ಬಂತು. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಹಾಗೆ. ಮೇಷ್ಟ್ರು ಎದ್ದು ಬಂದು, ಅವಳ ಮೇಜಿನ ಮೇಲಿದ್ದ ಪ್ಲಾಸ್ಟರು ಮೆತ್ತಿದ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡರು. ಆ ಬಟ್ಟಲು ತೊಳೆಯುವುದು ಮೊದಲ ದಿನದಿಂದಲೂ ಅವಳ ಕೆಲಸ. "ಹೊರಡು, ಅಕ್ಕನ ಮನೆಗೆ ಹೋಗ್ಬೇಕು ಅಂತಿದ್ಯಲ್ಲ" ಎಂದರು, ತೊಟ್ಟಿಯ ಕಡೆ ಮುಖ ಮಾಡಿ. ಮೊದಲ ಬಟ್ಟಲು ತೊಳೆದು ಬೋರಲು ಹಾಕಿದರು. "ನಾನು ನಿಂಗೆ ಹಲ್ಲು ನೋಡೋಕೆ ಕಲ್ಸಿದೆ. ನಿನ್ನನ್ನ ನೋಡ್ಲೇ ಇಲ್ಲ ನೋಡು."

ಬಸ್ಸಿನಲ್ಲಿ ಕೂತ ಮೇಲೆ ಭಯ ಶುರುವಾಯಿತು. ಹೇಳಬಾರದಿತ್ತು. ಆಡಿದ ಮಾತು, ಒಡೆದ ಮುತ್ತು. ಇನ್ನು ಅಂಟಿಸಲು ಬರುವುದಿಲ್ಲ. ಸೋಮವಾರದಿಂದ ಅವಳು ಲೋಟ ಎತ್ತಿದರೂ ಮೇಷ್ಟ್ರು ನೋಡುತ್ತಾರೆ, ಡಾಕ್ಟರಮ್ಮ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ತಲೆಯಾಡಿಸುತ್ತಾರೆ. ತನ್ನದೆಂದು ಈ ಲೋಕದಲ್ಲಿ ಇದ್ದದ್ದು ಒಂದೇ ಗುಟ್ಟು, ಅದೂ ಹೋಯಿತು. ವಿಚಿತ್ರವೆಂದರೆ, ಹೋದದ್ದಕ್ಕೆ ದುಃಖವಾಗುತ್ತಿತ್ತು. ಅದು ಅವಳಿಗೆ ಎಷ್ಟೋ ಸಂಜೆಗಳಲ್ಲಿ ಜೊತೆಗಿತ್ತು. ಕೆಲಸದಲ್ಲಿ ತಪ್ಪಾದಾಗ, ಅಮ್ಮ ತೀರಿಕೊಂಡಾಗ, ಮದುವೆಯಾಗುತ್ತೇನೆಂದಿದ್ದ ಮನುಷ್ಯ ಫೋನು ಎತ್ತುವುದನ್ನು ಬಿಟ್ಟಾಗ, ಬಾಗಿಲು ಹಾಕಿಕೊಂಡರೆ ಅದೊಂದು ಮಾತ್ರ ಅವಳ ಮಾತು ಕೇಳುತ್ತಿತ್ತು. ಆಮೇಲೆ ಕೆಲವು ನಿಮಿಷ ತಲೆಯೊಳಗೆ ಗಲಾಟೆ ನಿಲ್ಲುತ್ತಿತ್ತು, ಗಾಳಿ ನಿಂತ ಬಯಲಿನ ಹಾಗೆ. ಆ ಕೆಲವು ನಿಮಿಷಕ್ಕೆ ಅವಳು ಏನೆಲ್ಲ ಕೊಟ್ಟಿದ್ದಳು! ಮುಂದಿನ ಸೀಟಿನಲ್ಲಿ ಒಬ್ಬಾತ ಕಾಗದದ ಪೊಟ್ಟಣ ಬಿಚ್ಚಿ ಬನ್ನು ತಿನ್ನುತ್ತ ಕಿಟಕಿಯಾಚೆ ನೋಡುತ್ತಿದ್ದ. ಅರ್ಧ ತಿಂದು, ಸಾಕೆನಿಸಿ, ಉಳಿದದ್ದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡ. ಸಾಕೆನಿಸುವುದು ಮೈಯ ಯಾವ ಭಾಗದಲ್ಲಿ ಎಂದು ಅವನನ್ನು ಕೇಳಬೇಕೆನಿಸಿತು.

ಅಕ್ಕನ ಮನೆ ಮೂರನೆಯ ಮಹಡಿಯಲ್ಲಿ. ಅಕ್ಕ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಶನಿವಾರ ಬೇಗ ಬರುತ್ತಾಳೆ. ಭಾವ ಕೆಲಸದ ಮೇಲೆ ಹೊರಗೂರಿಗೆ ಹೋಗಿದ್ದರು. "ಬಂದ್ಯಾ ಚಿಕ್ಕಿ? ಎಷ್ಟು ಇಳಿದು ಹೋಗಿದೀಯೇ" ಎಂದು ಬಾಗಿಲಲ್ಲೇ ಹೇಳಿ, ಹೇಳಿದ ತಕ್ಷಣ ಮಾತು ನುಂಗಿಕೊಂಡು, "ಬಿಸಿಲು ಜಾಸ್ತಿ ಇತ್ತಾ?" ಎಂದಳು. ಚಿಕ್ಕಿ ಎಂದು ಈಗ ಅವಳನ್ನು ಕರೆಯುವವರು ಅಕ್ಕ ಒಬ್ಬಳೇ. ಮೇಜಿನ ಮೇಲೆ ಅನ್ನ, ಬೇಯಿಸಿದ ತರಕಾರಿ, ಮೊಟ್ಟೆ, ಮೊಸರು. ಅಕ್ಕ ಬಡಿಸಿದಳು, ಅವಳು ಉಂಡಳು. ಅಂಚೆ ಕಚೇರಿಗೆ ಹೊಸದಾಗಿ ಬಂದ ಸಾಹೇಬ ತಾನೇ ಬಾಗಿಲ ಮೇಲೆ ಬೋರ್ಡು ಬರೆಸಿ ಅದರಲ್ಲಿ ತನ್ನ ಹೆಸರೇ ತಪ್ಪಾಗಿದ್ದ ಕತೆಯನ್ನು ಅಕ್ಕ ಹೇಳಿದಳು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತ ಇನ್ನೊಂದು ಸಲ ಬಡಿಸಿಕೊಂಡಳು. ಆ ಎರಡನೆಯ ಸಲದಲ್ಲಿ ಯಾವುದೋ ಗೆರೆ ದಾಟಿತು. ಎಲ್ಲಿ ದಾಟಿತೆಂದು ಅವಳಿಗೆ ಪ್ರತಿ ಸಲವೂ ತಪ್ಪದೆ ಗೊತ್ತಾಗುತ್ತದೆ, ರೈಲು ಹಳಿ ಬದಲಿಸಿದಾಗ ಕೂತವರಿಗೆ ಗೊತ್ತಾಗುವ ಹಾಗೆ. ಆಮೇಲೆ ಅಕ್ಕನ ಮಾತು ದೂರದಿಂದ ಕೇಳತೊಡಗಿತು. ಕಾಲು ತಾನಾಗಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿತು.

"ಬಚ್ಚಲಿಗೆ ಹೋಗ್ಬರ್ತೀನಿ" ಎಂದಳು.

ಅಕ್ಕನೂ ಎದ್ದಳು. ಗೂಡಿನ ಮೇಲಿದ್ದ ರೇಡಿಯೋದ ಹತ್ತಿರ ಹೋಗಿ, ಬೆನ್ನು ತಿರುಗಿಸಿ, ಗುಂಡಿಯ ಮೇಲೆ ಕೈಯಿಟ್ಟಳು. ಈ ಮನೆಯಲ್ಲಿ ಊಟವಾದ ಮೇಲೆ ರೇಡಿಯೋ ಹಾಕುವುದು ಯಾವಾಗಲೂ ಇದ್ದದ್ದೇ, ಅದೂ ಜೋರಾಗಿ, ಪಕ್ಕದ ಮನೆಯವರು ಗೋಡೆ ತಟ್ಟುವಷ್ಟು. ಅಕ್ಕನಿಗೆ ಹಾಡಿನ ಹುಚ್ಚು ಎಂದು ಅವಳು ತಿಳಿದಿದ್ದಳು. ಒಳಗೆ ನಿಂತು, ಸದ್ಯ ಇವಳಿಗೆ ಈ ಹುಚ್ಚಿದೆಯಲ್ಲ ಎಂದು ಎಷ್ಟೋ ಸಲ ಸಮಾಧಾನಪಟ್ಟುಕೊಂಡಿದ್ದಳು. ಇವತ್ತು, ಬೆಳಗಿನಿಂದ ಏನೇನೋ ಸಡಿಲವಾಗಿದ್ದುದರಿಂದಲೋ ಏನೋ, ಬಚ್ಚಲಿನ ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. ಅಕ್ಕನ ಭುಜಗಳು ಕಿವಿಯವರೆಗೆ ಏರಿದ್ದವು. ಹಾಡು ಕೇಳಲು ಹೊರಟವರು ಹಾಗೆ ನಿಲ್ಲುವುದಿಲ್ಲ. ಪೆಟ್ಟು ಬೀಳುವ ಮುಂಚೆ ಹಾಗೆ ನಿಲ್ಲುತ್ತಾರೆ.

"ಅಕ್ಕಾ," ಎಂದಳು, "ರೇಡಿಯೋ ಯಾಕೆ ಹಾಕ್ತೀಯ?"

ಅಕ್ಕ ತಿರುಗಲಿಲ್ಲ. "ಸುಮ್ನೆ."

"ನಾನು ಒಳಗೆ ಹೋದಾಗ ಮಾತ್ರ ಯಾಕೆ?"

ಅಕ್ಕ ಗುಂಡಿಯಿಂದ ಕೈ ತೆಗೆದು ಅಂದಳು: "ಕೇಳಿಸುತ್ತೆ ಅಂತ ನಿಂಗೆ ಗೊತ್ತಾದ್ರೆ, ನೀನು ಬರೋದೇ ಬಿಟ್ಬಿಡ್ತೀಯ ಅಂತ."

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಯಾವಾಗಿನಿಂದ ಎಂದು ಕೇಳಿದಳು. ಅಮ್ಮ ತೀರಿಹೋದ ವರ್ಷದಿಂದ, ಎಂದಳು ಅಕ್ಕ. ಒಂಬತ್ತು ವರ್ಷ. ಒಂಬತ್ತು ವರ್ಷ ಇಬ್ಬರೂ ಗೋಡೆಯ ಈಚೆಗೊಬ್ಬಳು ಆಚೆಗೊಬ್ಬಳು ನಿಂತು, ನಡುವೆ ಯಾರೋ ಹಾಡುವವರನ್ನು ಬಿಟ್ಟುಕೊಂಡಿದ್ದರು. ಮೊದಲು ಬಂದದ್ದು ಸಿಟ್ಟು, ಮೈಯೆಲ್ಲ ಉರಿಯುವಂಥದ್ದು. "ಗೊತ್ತಿದ್ದೂ ಬಡಿಸ್ತಿದ್ಯಾ? ಗೊತ್ತಿದ್ದೂ ಇನ್ನೊಂಚೂರು ಹಾಕ್ಕೋ ಅಂತಿದ್ಯಾ?" ಎಂದು ಕಿರುಚಿದಳು, ಅವಳ ದನಿ ಅವಳಿಗೇ ಪರಿಚಯವಿರಲಿಲ್ಲ. ಅಕ್ಕ ಈಗ ತಿರುಗಿದಳು. ಅವಳ ಮುಖ ಒದ್ದೆಯಾಗಿತ್ತು, ಮೂಗು ಕೆಂಪಾಗಿತ್ತು. ನಲವತ್ತರ ಅಕ್ಕ, ಮುಂದಲೆಯಲ್ಲಿ ನಾಲ್ಕು ಬಿಳಿ ಕೂದಲು, ಅಂಚೆಯ ಮಸಿ ಹತ್ತಿದ ಬೆರಳು. "ಏನು ಮಾಡ್ಬೇಕಿತ್ತೇ ನಾನು? ಹೇಳಿದ್ರೆ ನೀನು ನನ್ನಿಂದಾನೂ ಹೋಗ್ತೀಯ ಅಂದ್ಕೊಂಡೆ. ಹೇಳದಿದ್ರೆ ಹೀಗೆ. ಬಡಿಸೋದೊಂದೇ ನಂಗೆ ಬರೋದು. ಒಂದು ತುತ್ತಾದ್ರೂ ಒಳಗೆ ಉಳೀಲಿ ಅಂತ ಹಾಕ್ತಿದ್ದೆ" ಎಂದಳು.

ಒಂದು ತುತ್ತಾದರೂ. ಆ ಮಾತಿಗೆ ಸಿಟ್ಟು ನಿಲ್ಲಲಿಲ್ಲ, ಆದರೆ ಅದಕ್ಕೆ ಹೋಗಲು ಜಾಗವಿಲ್ಲದಂತಾಯಿತು. ಹಿಂದೆ ಬಚ್ಚಲಿನ ಬಾಗಿಲು ತೆರೆದೇ ಇತ್ತು. ಅಲ್ಲಿಯ ತಂಪು ಅವಳ ಬೆನ್ನಿಗೆ ತಾಗುತ್ತಿತ್ತು. ಹೊಟ್ಟೆಯಲ್ಲಿ ಊಟ ಕಲ್ಲಿನಂತೆ ಕೂತಿತ್ತು, ಮೈಯೆಲ್ಲ ಅದೊಂದೇ ಆಗಿ, ಚರ್ಮ ಬಿರಿಯುವಂತೆ. ಮೂರು ಹೆಜ್ಜೆ ಹಿಂದಕ್ಕಿಟ್ಟರೆ ಮುಗಿಯಿತು. "ನಂಗೆ ಹೋಗ್ಬೇಕು" ಎಂದಳು, ಬೇಡುವವಳ ಹಾಗೆ. ಅಕ್ಕ ಓಡಿ ಬಂದು ಅಡ್ಡ ನಿಲ್ಲುತ್ತಾಳೆ ಎಂದುಕೊಂಡಿದ್ದಳು. ನಿಂತಿದ್ದರೆ ತಳ್ಳಿಕೊಂಡು ಹೋಗಬಹುದಿತ್ತು. ಅಕ್ಕ ಇದ್ದಲ್ಲಿಂದ ಅಲುಗಲಿಲ್ಲ.

"ಹೋಗು. ನಾನು ತಡೆಯೋಳಲ್ಲ," ಎಂದಳು. "ಆದ್ರೆ ಇವತ್ತಿಂದ ರೇಡಿಯೋ ಹಾಕಲ್ಲ. ಇಲ್ಲೇ ಕೂತು ಕೇಳಿಸ್ಕೊಳ್ತೀನಿ."

ಕೆಳಗೆ ಬೀದಿಯಲ್ಲಿ ಯಾರೋ ಕಬ್ಬಿಣದ ಬಾಗಿಲು ಎಳೆದರು. ಅವಳು ಎಷ್ಟು ಹೊತ್ತು ಚೌಕಟ್ಟು ಹಿಡಿದು ನಿಂತಿದ್ದಳೋ, ಬೆರಳ ಸಂದು ಬೆಳ್ಳಗಾಗಿತ್ತು. ಆಮೇಲೆ, ಅದು ತೀರ್ಮಾನವೆಂದೇನೂ ಅನಿಸದೆ, ನಿಂತು ನಿಂತು ಕಾಲು ನೋಯುತ್ತಿದ್ದುದರಿಂದ ಎಂಬಂತೆ, ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕೂತಳು. ಅಕ್ಕ ಬಂದು ಪಕ್ಕದಲ್ಲಿ ಕೂತಳು, ಮುಟ್ಟಲಿಲ್ಲ. ಮೇಜಿನ ಮೇಲೆ ಎಂಜಲು ತಟ್ಟೆಗಳು ಹಾಗೇ ಇದ್ದವು. ಮೊದಲ ಹತ್ತು ನಿಮಿಷ ಅವಳು ಮೊಣಕಾಲಿನೊಳಗೆ ತಲೆ ಹುದುಗಿಸಿಕೊಂಡು ಹಲ್ಲು ಕಚ್ಚಿದ್ದಳು. ಬೆವರು ಬಂತು. ಮಧ್ಯೆ ಒಮ್ಮೆ ಎದ್ದು ಮತ್ತೆ ಕೂತಳು. ಸೋಮವಾರ ಆಸ್ಪತ್ರೆಗೆ ಹೋಗಬೇಕೆಂದು, ಯಾಕೆಂದು, ತಡವರಿಸಿ ಹೇಳಿದಳು. ಅಕ್ಕ "ರಜ ಹಾಕ್ತೀನಿ" ಎಂದಳು, ಅಷ್ಟೇ. ಊಟ ಒಳಗೇ ಇತ್ತು. ಕರೆಯದೆ ಬಂದ ಅತಿಥಿಯ ಹಾಗೆ, ಎಲ್ಲಿ ಕೂರಬೇಕೆಂದು ತಿಳಿಯದೆ, ಆದರೆ ಇತ್ತು. ತಲೆಯೊಳಗಿನ ಗಲಾಟೆಯೂ ಹಾಗೇ ಇತ್ತು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ನಾಳೆ ತಾನು ಒಬ್ಬಳೇ ಇರುವಾಗ ಏನಾಗುತ್ತದೋ ಅವಳಿಗೆ ಗೊತ್ತಿರಲಿಲ್ಲ.

ಬಿಸಿಲು ಮೇಜಿನ ಕಾಲಿನಿಂದ ಗೋಡೆಯ ಬುಡಕ್ಕೆ ಸರಿದಿತ್ತು. ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡು, ಯಾರಾದರೂ ಕೇಳಿಸಿಕೊಂಡಾರೆಂಬಂತೆ ದನಿ ತಗ್ಗಿಸಿ ಕೇಳಿದಳು: "ಹೇಗಿರುತ್ತೇ ಅದು? ಹೊಟ್ಟೇಲಿ ಏನಾದ್ರೂ ಆಗುತ್ತಾ?"

ಹದಿನೆಂಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅವಳು ಎದುರಿನ ಗೋಡೆ ನೋಡುತ್ತ ಸರಿಯಾದ ಮಾತಿಗಾಗಿ ಹುಡುಕಿದಳು. ತಪ್ಪಾಗಿ ಹೇಳಿಬಿಟ್ಟರೆ ಮತ್ತೆ ಮೊದಲಿನಿಂದ ಹೇಳಬಹುದು, ಅಕ್ಕ ಎಲ್ಲೂ ಹೋಗುವುದಿಲ್ಲ ಎನ್ನುವುದು ನಿಧಾನವಾಗಿ ಮನಸ್ಸಿಗೆ ಬಂತು.

"ಹೊಟ್ಟೇಲಿ ಶುರುವಾಗಲ್ಲ ಅಕ್ಕಾ ಅದು" ಎಂದಳು.